ನಮ್ಮ ಸುದ್ದಿಯನ್ನು ಹೇಳುವವರು ಯಾರು?

(ಕಳಸದಲ್ಲಿ ನಡೆದ ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟಿರುವ ವಿಷಯ ‘ಅಭಿವ್ಯಕ್ತಿ ಸ್ವಾತಂತ್ರ್ಯ ಮತ್ತು ಸಮೂಹ ಮಾಧ್ಯಮಗಳ ಪ್ರಭಾವ’. ಕಾಲೇಜಿನ ಪ್ರಬಂಧ ಸ್ಪರ್ಧೆಯ ವಿಷಯದ ಹಾಗಿದೆ. ಕನ್ನಡ ಪಾಠ ಮಾಡಿಕೊಂಡಿದ್ದ ವರ್ಷಗಳಲ್ಲಿ ಇಂಥ ಪ್ರಬಂಧಗಳನ್ನು ಎಷ್ಟು ತಿದ್ದಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಸಂವಿಧಾನದ 19ನೇ ವಿಧಿಯಿಂದ ಶುರು ಮಾಡಿ, ಪತ್ರಿಕೆ ಪ್ರಜಾಪ್ರಭುತ್ವದ ನಾಲ್ಕನೇ ಅಂಗ ಎಂದು ಮುಗಿಸುತ್ತಿದ್ದರು. ನಾನು ಇವತ್ತು ಆ ದಾರಿ ಹಿಡಿಯುವುದಿಲ್ಲ. ಪೇಪರಿನ ಒಳಪುಟದಲ್ಲಿ, ಜಾಹೀರಾತಿನ ಪಕ್ಕದಲ್ಲಿ ಬರುವ ಮೂರು ನಾಲ್ಕು ಸಾಲಿನ ಸುದ್ದಿಗಳಿರುತ್ತವಲ್ಲ, ಅಲ್ಲಿಂದ ಆರಂಭಿಸುತ್ತೇನೆ.

‘ಹೊಟ್ಟೆನೋವು ತಾಳಲಾರದೆ ಗೃಹಿಣಿ ಆತ್ಮಹತ್ಯೆ.’ ‘ಜೀವನದಲ್ಲಿ ಜಿಗುಪ್ಸೆಗೊಂಡು ಮಹಿಳೆ ಸಾವಿಗೆ ಶರಣು.’ ‘ಸ್ಟವ್ ಸಿಡಿದು ನವವಿವಾಹಿತೆ ಸಾವು.’ ನಮ್ಮ ಮಲೆನಾಡಿನ ಕಡೆ ಇನ್ನೊಂದಿದೆ: ‘ಕಾಲು ಜಾರಿ ಕೆರೆಗೆ ಬಿದ್ದು ಗೃಹಿಣಿ ಸಾವು.’

ಈ ಸಾಲುಗಳನ್ನು ನೀವೆಲ್ಲ ಓದಿದ್ದೀರಿ. ಓದಿ ‘ಅಯ್ಯೋ ಪಾಪ’ ಎಂದು ಪುಟ ತಿರುವಿದ್ದೀರಿ. ನಾನು ಕೇಳುವುದು ಇಷ್ಟೆ. ಸತ್ತವಳಿಗೆ ಹೊಟ್ಟೆನೋವಿತ್ತು ಎಂದು ಪತ್ರಿಕೆಗೆ ಹೇಳಿದವರು ಯಾರು? ಅವಳಂತೂ ಹೇಳಿರಲಾರಳು.

ಇಂಥ ಸುದ್ದಿ ಹುಟ್ಟುವುದು ಸಾಮಾನ್ಯವಾಗಿ ಪೊಲೀಸ್ ಠಾಣೆಯಲ್ಲಿ. ಹೆಂಗಸೊಬ್ಬಳು ಸತ್ತಾಗ ಯಾರಾದರೂ ಠಾಣೆಗೆ ಹೋಗಿ ಒಂದು ದೂರು ಬರೆದುಕೊಡಬೇಕು. ಮೊದಲು ಹೋಗುವವರು ಯಾರು? ಅವಳು ಸತ್ತದ್ದು ಯಾರ ಮನೆಯಲ್ಲೋ ಅವರು. ಗಂಡ, ಮಾವ, ಮೈದುನ. ತವರಿನವರಿಗೆ ಸುದ್ದಿ ಮುಟ್ಟುವುದೇ ಆಮೇಲೆ. ಹೆಣ್ಣು ಕೊಟ್ಟದ್ದು ಘಟ್ಟದ ಕೆಳಗಾದರೆ, ಮಳೆಗಾಲದಲ್ಲಿ ಗುಡ್ಡ ಜರಿದು ಬಸ್ಸು ನಿಂತಿದ್ದರೆ, ತಾಯಿ ಅಲ್ಲಿಗೆ ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಗಂಡನ ಮನೆಯವರು ‘ಬಹಳ ದಿನದಿಂದ ಹೊಟ್ಟೆನೋವಿತ್ತು’ ಎಂದು ಬರೆಸಿದ್ದನ್ನು ಠಾಣೆಯಲ್ಲಿ ಅಸಹಜ ಸಾವು ಎಂದು ದಾಖಲಿಸುತ್ತಾರೆ. ವರದಿಗಾರ ಫೋನಿನಲ್ಲೇ ಅದನ್ನು ಕೇಳಿ ಬರೆದುಕೊಳ್ಳುತ್ತಾನೆ. ‘ಗಂಡನ ಮನೆಯವರು ಹೇಳಿದ್ದಾರೆ’ ಎಂಬ ಮಾತು ಮುದ್ರಣದಲ್ಲಿ ಬಿಟ್ಟುಹೋಗುತ್ತದೆ, ಹೊಟ್ಟೆನೋವು ಮಾತ್ರ ಉಳಿಯುತ್ತದೆ. ಒಂದು ಕಡೆಯವರ ಹೇಳಿಕೆ ಮರುದಿನ ಬೆಳಿಗ್ಗೆ ಇಡೀ ಜಿಲ್ಲೆಗೆ ಸತ್ಯಸಂಗತಿಯಾಗುತ್ತದೆ.

ನನ್ನ ವಿದ್ಯಾರ್ಥಿನಿಯೊಬ್ಬಳಿದ್ದಳು. ಊರು, ಹೆಸರು ಬೇಡ. ಚೆನ್ನಾಗಿ ಹಾಡುತ್ತಿದ್ದಳು, ಪರೀಕ್ಷೆಯಲ್ಲಿ ಮಾತ್ರ ಅಷ್ಟಕ್ಕಷ್ಟೆ. ಮದುವೆಯಾಗಿ ಮೂರನೇ ವರ್ಷ ಅವಳ ಬಗ್ಗೆ ನಾಲ್ಕು ಸಾಲು ಸುದ್ದಿ ಬಂತು. ಅದೇ ಹೊಟ್ಟೆನೋವು. ತಿಂಗಳ ನಂತರ ಅವಳ ತಾಯಿ ಆ ಪೇಪರಿನ ತುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. “ಮೇಡಮ್ಮೋರೆ, ನನ್ನ ಮಗಳಿಗೆ ಹೊಟ್ಟೆನೋವು ಅನ್ನೋದೇ ಇರಲಿಲ್ಲ. ಬೈಕಿಗೆ ದುಡ್ಡು ಕೇಳ್ತಿದ್ರು. ಈಗ ನಾನು ಏನು ಹೇಳಿದರೂ ಜನ, ‘ಪೇಪರಿನಲ್ಲೇ ಬಂದಿದೆಯಲ್ಲ’ ಅಂತಾರೆ” ಎಂದರು. ಇಬ್ಬರೂ ಕೂತು ಪತ್ರಿಕೆಯೊಂದಕ್ಕೆ ಪತ್ರ ಬರೆದೆವು. ಅದು ಅಚ್ಚಾಗಲಿಲ್ಲ. ಪಂಚನಾಮೆಗೆ ಸಹಿ ಹಾಕಿದ್ದ ಊರ ಹಿರಿಯರನ್ನು ಕೇಳಿದರೆ ಅವರ ಬಾಯಲ್ಲೂ ಅದೇ ಮಾತು. ಆ ನಾಲ್ಕು ಸಾಲು ತಾಯಿಯ ಬಾಯಿ ಕಟ್ಟಿತು. ಮಾಧ್ಯಮದ ಪ್ರಭಾವ ಎಂದರೆ ನನಗೆ ಮೊದಲು ನೆನಪಾಗುವುದು ಆ ಸೆರಗಿನ ಗಂಟು.

ಇದು ಒಬ್ಬಳ ಕಥೆಯಲ್ಲ. ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ಠಾಣೆಗಳ ದಾಖಲೆ ತೆಗೆದು, ಇಂಥ ಸಾವುಗಳನ್ನು ಒಂದೊಂದಾಗಿ ಹಿಂಬಾಲಿಸಿದರು. 1997ರ ಒಂದೇ ವರ್ಷದಲ್ಲಿ ಬೆಂಗಳೂರು ನಗರದಲ್ಲಿ ಹೆಂಗಸರ 1,133 ಅಸಹಜ ಸಾವುಗಳು ಲೆಕ್ಕಕ್ಕೆ ಸಿಕ್ಕವು. ಅವುಗಳಲ್ಲಿ ಕೊಲೆ ಎಂದು ಬರೆದದ್ದು 157. ಆತ್ಮಹತ್ಯೆ 546. ಉಳಿದ 430 ‘ಆಕಸ್ಮಿಕ’. ಸ್ಟವ್ ಸಿಡಿಯಿತು, ಕಾಲು ಜಾರಿತು ಎಂಬ ಸಾವುಗಳು ಹೋಗಿ ಸೇರುವುದು ಈ ‘ಆಕಸ್ಮಿಕ’ದ ಪಟ್ಟಿಗೆ. ಸ್ಟವ್ವುಗಳು ಅಷ್ಟು ಕೆಟ್ಟದಾಗಿದ್ದರೆ ಅತ್ತೆಯಂದಿರೂ ನಾದಿನಿಯರೂ ಅಷ್ಟೇ ಸಂಖ್ಯೆಯಲ್ಲಿ ಸುಟ್ಟುಹೋಗಬೇಕಿತ್ತಲ್ಲ ಎಂದು ಚಳವಳಿಯ ಹೆಂಗಸರು ಕೇಳಿದರು. ಆ ಪ್ರಶ್ನೆಯನ್ನು ಪತ್ರಿಕೆಗಳೂ ಪ್ರಕಟಿಸಿದವು ಎಂಬುದನ್ನು ಹೇಳಬೇಕು. ಏಕೆಂದರೆ ಪತ್ರಿಕೆಗಳನ್ನು ಬೈಯುವುದಕ್ಕಾಗಿ ನಾನು ಇಲ್ಲಿ ನಿಂತಿಲ್ಲ.

ಪತ್ರಿಕೆ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯದೊಂದು ಉದಾಹರಣೆ. ತರ್ವಿಂದರ್ ಕೌರ್ ಎಂಬ ಹೆಣ್ಣುಮಗಳು ಸಾಯುವ ಮುನ್ನ ಅತ್ತೆಮನೆಯವರ ಮೇಲೆ ಆರೋಪ ಮಾಡಿದ್ದರೂ ಪೊಲೀಸರು ಆತ್ಮಹತ್ಯೆ ಎಂದು ದಾಖಲಿಸಿದರು. 1979ರ ಜೂನ್‌ನಲ್ಲಿ ಸ್ತ್ರೀ ಸಂಘರ್ಷ್ ಎಂಬ ಗುಂಪಿನ ಹೆಂಗಸರು ಆ ಮನೆಯ ಮುಂದೆಯೇ ಮೆರವಣಿಗೆ ಹೋಗಿ ಇದು ವರದಕ್ಷಿಣೆ ಕೊಲೆ ಎಂದು ಕೂಗಿದರು. ಪತ್ರಿಕೆಗಳು ಅದನ್ನು ದೊಡ್ಡದಾಗಿ ಹಾಕಿದವು. ಅಲ್ಲಿಯವರೆಗೆ ‘ಆತ್ಮಹತ್ಯೆ’, ‘ಅಪಘಾತ’ ಎನಿಸಿಕೊಂಡಿದ್ದಕ್ಕೆ ಹೊಸ ಹೆಸರು ಬಂತು. ಅದರ ಹಿಂದೆಯೇ 1983ರಲ್ಲಿ 498ಎ ಕಲಂ, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಕಲಂ ಬಂದವು. 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವುಗಳ ನಂಬರು ಬದಲಾಗಿದೆ, ಗಂಡ ಮತ್ತವನ ಕಡೆಯವರ ಕ್ರೌರ್ಯಕ್ಕೆ 85 ಮತ್ತು 86, ವರದಕ್ಷಿಣೆ ಸಾವಿಗೆ 80. ನಂಬರು ಮರೆತರೂ ಚಿಂತೆಯಿಲ್ಲ, ಕಾನೂನು ಇದೆ ಎಂಬುದು ನೆನಪಿರಲಿ.

ಈಗ ನೀವೆಲ್ಲ ಬಲ್ಲ ಒಂದು ಪ್ರಕರಣಕ್ಕೆ ಬರುತ್ತೇನೆ. 2011ರ ಸೆಪ್ಟೆಂಬರ್‌ನಲ್ಲಿ ನಟ ದರ್ಶನ್ ಅವರ ಪತ್ನಿ ಗಂಡ ಹೊಡೆದನೆಂದು ದೂರು ಕೊಟ್ಟರು. ನಟನ ಬಂಧನವಾಯಿತು. ಆಮೇಲೆ ಟಿವಿಯಲ್ಲಿ ಹಗಲು ರಾತ್ರಿ ಅದೇ ಸುದ್ದಿ. ಚಿತ್ರರಂಗದ ಹಿರಿಯರು ಇದು ಸಂಸಾರದ ವಿಷಯ, ರಾಜಿ ಮಾಡಿಸೋಣ ಎಂದು ಓಡಾಡಿದರು. ಕನ್ನಡ ಚಲನಚಿತ್ರ ನಿರ್ಮಾಪಕರ ಸಂಘ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಂಸಾರ ಒಡೆಯಲು ಕಾರಣಳಾದಳೆಂದು ನಿಕಿತಾ ಎಂಬ ನಟಿಗೆ ಮೂರು ವರ್ಷ ನಿಷೇಧ ಹಾಕಿತು! ಹೊಡೆದ ಆರೋಪ ಇದ್ದದ್ದು ಯಾರ ಮೇಲೆ, ದುಡಿಮೆಗೆ ಕಲ್ಲು ಬಿದ್ದದ್ದು ಯಾರದು, ನೋಡಿ. ಎಲ್ಲ ಕಡೆಯಿಂದ ಪ್ರತಿಭಟನೆ ಬಂದ ಮೇಲೆ ಆ ನಿಷೇಧ ವಾಪಸಾಯಿತು. ಪತ್ನಿ ಹೇಳಿಕೆ ಬದಲಾಯಿಸಿ, ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಗಾಯವಾಯಿತೆಂದು ಹೇಳಿದರೆಂದು ಪತ್ರಿಕೆಗಳು ವರದಿ ಮಾಡಿದವು. ಅದೇ ತಿಂಗಳ ಕೊನೆಯಲ್ಲಿ, ನಟ ಇನ್ನೂ ಜೈಲಿನಲ್ಲಿದ್ದಾಗಲೇ, ‘ಸಾರಥಿ’ ಸಿನಿಮಾ ಬಿಡುಗಡೆಯಾಗಿ ಭರ್ಜರಿಯಾಗಿ ಓಡಿತು.

ಆ ಹೆಣ್ಣುಮಗಳ ಮೇಲೆ ನನಗೆ ಯಾವ ದೂರೂ ಇಲ್ಲ. ಗಂಡನ ಕಡೆಯ ಮಾವ, ಮೈದುನ ಇಬ್ಬರ ಮುಂದೆ ನಿಂತು ಹೇಳಿದ ಮಾತಿಗೆ ಅಂಟಿಕೊಳ್ಳುವುದೇ ನಮಗೆ ಕಷ್ಟ. ಊರಿಗೆ ಊರೇ ಅಭಿಮಾನಿಗಳಾಗಿದ್ದಾಗ, ಪ್ರತಿ ಚಾನೆಲ್ಲೂ ಮನೆ ಬಾಗಿಲಲ್ಲಿ ಕ್ಯಾಮೆರಾ ಇಟ್ಟು ಕಾದಿದ್ದಾಗ, ಇಂಥ ದೂರಿಗೆ ಅಂಟಿಕೊಂಡು ನಿಲ್ಲುವ ಹೆಂಗಸು ಎಷ್ಟು ಗಟ್ಟಿಯಿರಬೇಕು? ನಾನು ಕೇಳುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಮಾತು. ಚಾನೆಲ್ಲುಗಳಿಗೆ ಮಾತಾಡುವ ಸ್ವಾತಂತ್ರ್ಯ ಇತ್ತು. ನಿರ್ಮಾಪಕರಿಗೆ ಇತ್ತು. ಅಭಿಮಾನಿಗಳಿಗೆ ಘೋಷಣೆ ಕೂಗುವ ಸ್ವಾತಂತ್ರ್ಯ ಇತ್ತು. ಠಾಣೆಗೆ ಹೋಗಿ ‘ನನಗೆ ಹೊಡೆದರು’ ಎಂದು ಹೇಳುವುದೂ ಅದೇ 19ನೇ ವಿಧಿಯ ಸ್ವಾತಂತ್ರ್ಯ ಎಂದು ಆ ದಿನಗಳಲ್ಲಿ ಎಷ್ಟು ಮಂದಿಗೆ ಅನ್ನಿಸಿತು?

ಹಾಗಾದರೆ ಕ್ಯಾಮೆರಾಗಳೇ ಬೇಡವೆ? ಬೇಡ ಎನ್ನಲು ನಾನು ಸಿದ್ಧಳಿಲ್ಲ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇಯೊಂದರಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರ ಮೇಲೆ ಗುಂಪೊಂದು ನುಗ್ಗಿ ಹೊಡೆಯಿತು. ನವೀನ್ ಸೂರಿಂಜೆ ಎಂಬ ಟಿವಿ ವರದಿಗಾರರ ಚಿತ್ರೀಕರಣದಿಂದ ಅದು ನಾಡಿಗೆಲ್ಲ ತಿಳಿಯಿತು. ಆ ವರ್ಷದ ನವೆಂಬರ್‌ನಲ್ಲಿ ಪೊಲೀಸರು ಆ ವರದಿಗಾರರನ್ನೇ ಬಂಧಿಸಿದರು, ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅವರು ಜೈಲಿನಲ್ಲಿದ್ದರು. ಸುದ್ದಿ ತೋರಿಸಿದವರನ್ನು ಜೈಲಿಗೆ ಹಾಕಿದರೆ ಮುಂದಿನ ಸಲ ಯಾರೂ ತೋರಿಸುವುದಿಲ್ಲ, ಅದರ ನಷ್ಟ ಮೊದಲು ತಟ್ಟುವುದು ಹೆಣ್ಣುಮಕ್ಕಳಿಗೇ. ಆದರೆ ಪೆಟ್ಟು ತಿನ್ನುವ ಹುಡುಗಿಯರ ಚಿತ್ರವನ್ನು ದಿನವಿಡೀ ತಿರುಗಿಸಿ ತಿರುಗಿಸಿ ಹಾಕಿದರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಳಸ, ಹೊರನಾಡಿನ ಸುತ್ತಲೂ ಈಗ ಹೋಂಸ್ಟೇಗಳಿವೆ, ನಿಮ್ಮಲ್ಲೇ ಅಲ್ಲಿ ಅಡುಗೆಗೆ ಹೋಗುವವರಿದ್ದೀರಿ. ಮೊಬೈಲಿನಲ್ಲಿ ಇಂಥ ಚಿತ್ರ ಬಂದಾಗ ಮುಂದಕ್ಕೆ ಕಳಿಸುವವರಲ್ಲಿ ನಾವೂ ಇದ್ದೇವೆ. ಕರೆ ಮಾಡಲು ನೆಟ್‌ವರ್ಕ್ ಸಿಗದ ತೋಟದ ಲೈನಿಗೂ ಅದೇನೋ ಇಂಥ ಚಿತ್ರ ಮಾತ್ರ ಹೇಗೋ ತಲುಪುತ್ತದೆ.

ಅತ್ಯಾಚಾರಕ್ಕೆ ಒಳಗಾದವಳ ಹೆಸರು ಪ್ರಕಟಿಸುವುದು ಅಪರಾಧ, 1983ರಿಂದಲೇ. ಗಂಡನಿಂದ ಪೆಟ್ಟು ತಿಂದವಳಿಗೆ ಪತ್ರಿಕೆಯಲ್ಲಿ ಅಂಥ ರಕ್ಷಣೆ ಇಲ್ಲ. ಆದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ಹೋದರೆ, ಅವಳು ಬಯಸಿದಲ್ಲಿ ವಿಚಾರಣೆಯನ್ನು ಮುಚ್ಚಿದ ಬಾಗಿಲಿನೊಳಗೆ ನಡೆಸಲು ಅವಕಾಶವಿದೆ. ಇದನ್ನು ಅವಳಿಗೆ ಹೇಳುವವರು ಬೇಕು.

ಜಾಹೀರಾತಿನ ವಿಷಯ ಒಂದು ಮಾತಿನಲ್ಲಿ ಮುಗಿಸುತ್ತೇನೆ. ಮದುವೆಗೆ ಪ್ರತಿಯಾಗಿ ಹಣ, ಆಸ್ತಿಪಾಲು ಕೊಡುತ್ತೇವೆಂದು ಜಾಹೀರಾತು ಕೊಡುವುದೂ ಅದನ್ನು ಅಚ್ಚು ಹಾಕುವುದೂ 1986ರ ತಿದ್ದುಪಡಿಯಿಂದ ಅಪರಾಧ, ವರದಕ್ಷಿಣೆ ನಿಷೇಧ ಕಾಯಿದೆಯ 4ಎ ಕಲಂ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಇಲ್ಲವೆ 15,000 ರೂಪಾಯಿವರೆಗೆ ದಂಡ. ಹಾಗಾಗಿ ಈಗ ಯಾರೂ ಮೊತ್ತ ಹಾಕುವುದಿಲ್ಲ, ‘ಡೀಸೆಂಟ್ ಮ್ಯಾರೇಜ್’ ಎಂದು ಹಾಕುತ್ತಾರೆ. ಅರ್ಥ ಎಲ್ಲರಿಗೂ ಗೊತ್ತು.

ಇನ್ನು ನಾವು ಮಾಡಬಹುದಾದ ಕೆಲಸ. ವಾರವಾರ ನೀವು ಉಳಿತಾಯದ ಲೆಕ್ಕ ಬರೆಯುತ್ತೀರಿ, ನಡಾವಳಿ ಪುಸ್ತಕ ಬರೆಯುತ್ತೀರಿ. ಅಲ್ಲಿ ಸಾಲ, ಬಡ್ಡಿ, ಯಾರು ಗೈರುಹಾಜರು ಎಲ್ಲ ಇರುತ್ತದೆ. ಗೈರುಹಾಜರಾದವಳು ಯಾಕೆ ಬರಲಿಲ್ಲ ಎಂಬುದು ಮಾತ್ರ ಇರುವುದಿಲ್ಲ. ‘ಮುಖ ಊದಿತ್ತು, ಅದಕ್ಕೇ ಬಂದಿಲ್ಲ’ ಎಂದು ನಿಮಗೆಲ್ಲ ಗೊತ್ತಿರುತ್ತದೆ. ಅವಳು ಒಪ್ಪಿದರೆ ಬೇರೆ ಒಂದು ಪುಸ್ತಕ ಇಡಿ. ದಿನಾಂಕ ಹಾಕಿ ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯಿರಿ, ಅವಳ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಅಧ್ಯಕ್ಷೆಯ ಬಳಿ ಬೀಗದಲ್ಲಿರಲಿ. ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ಸಂರಕ್ಷಣಾಧಿಕಾರಿ ಎಂದಿರುವುದು ನಮ್ಮಲ್ಲಿ ಸಿಡಿಪಿಓ, ಅಂಗನವಾಡಿಯಿಂದಾಗಿ ನಿಮಗೆ ಗೊತ್ತಿರುವವರೇ. ಅವರಿಗೆ ಯಾರು ಬೇಕಾದರೂ ಮಾಹಿತಿ ಕೊಡಬಹುದು, ಪ್ರಾಮಾಣಿಕವಾಗಿ ಕೊಟ್ಟವರ ಮೇಲೆ ಕೇಸು ಬರುವುದಿಲ್ಲ. ಮಹಿಳಾ ಸಹಾಯವಾಣಿ 181.

ಕೆಟ್ಟದ್ದು ನಡೆದೇ ಹೋದರೆ ಏನು ಮಾಡಬೇಕೆಂಬುದೂ ತಿಳಿದಿರಲಿ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಸಂಶಯ ಬರುವಂತೆ ಸತ್ತರೆ ಮರಣೋತ್ತರ ಪರೀಕ್ಷೆ ಆಗಲೇಬೇಕು, ಶವತನಿಖೆಗೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು, ಅಂದರೆ ನಮ್ಮ ಕಡೆ ಸಾಮಾನ್ಯವಾಗಿ ತಹಸೀಲ್ದಾರರು, ಬರಬೇಕು. ತವರಿನವರು ತಲುಪುವ ಮುನ್ನ ಸಂಸ್ಕಾರಕ್ಕೆ ಅವಸರ ಮಾಡಿದರೆ ತಡೆಯಿರಿ. ಅವಳು ನಿಮಗೆ ಹೇಳಿದ್ದನ್ನು ತಹಸೀಲ್ದಾರರ ಮುಂದೆ ಹೇಳಿ, ಬರೆಸಿ. ಆಮೇಲೆ ವರದಿಗಾರರಿಗೂ ಹೇಳಿ. ನಮ್ಮ ಭಾಗದ ವರದಿಗಾರರಲ್ಲಿ ಹೆಚ್ಚಿನವರು ತೋಟವೋ ಅಂಗಡಿಯೋ ನೋಡಿಕೊಂಡು ಬಿಡುವಿನಲ್ಲಿ ಸುದ್ದಿ ಕಳಿಸುವವರು, ಕೆಟ್ಟವರಲ್ಲ. ಠಾಣೆಯಿಂದ ಒಂದು ಫೋನು ಬರುತ್ತದೆ, ಅದನ್ನು ಬರೆಯುತ್ತಾರೆ. ಅದೇ ದಿನ ಸಂಘದಿಂದಲೂ ಒಂದು ಫೋನು ಹೋದರೆ ‘ಹೊಟ್ಟೆನೋವು’ ಎಂದು ಬರೆಯುವ ಕೈ ಸ್ವಲ್ಪ ತಡೆಯುತ್ತದೆ. ‘ಸಾವಿಗೆ ಕಾರಣ ತನಿಖೆಯಿಂದ ತಿಳಿಯಬೇಕಿದೆ, ವರದಕ್ಷಿಣೆ ಕಿರುಕುಳವಿತ್ತೆಂದು ನೆರೆಯ ಮಹಿಳೆಯರು ದೂರಿದ್ದಾರೆ’ ಎಂದಾದರೂ ಬರುತ್ತದೆ. ನನ್ನ ವಿದ್ಯಾರ್ಥಿನಿಯ ತಾಯಿಗೆ ಆ ಒಂದು ಸಾಲು ಸಾಕಿತ್ತು.

ಹೊರನಾಡು ಕಡೆಯ ಬಸ್ಸಿಗೆ ಹೋಗುವವರು ಮೊದಲು ಪ್ರಶ್ನೆ ಕೇಳಿ. ಪುಸ್ತಕದಲ್ಲಿ ಹೇಗೆ ಬರೆಯಬೇಕೆಂದು ನೋಡಬೇಕೆನ್ನುವವರು ಉಳಿದುಕೊಳ್ಳಿ, ನಾನು ಒಂದು ಮಾದರಿ ಬರೆದು ತಂದಿದ್ದೇನೆ.