ಕಾರ್ಪೊರೇಟರ್ ಮ್ಯಾಲೆ ದೂರು ಯಾರಿಗೆ ಕೊಡೂದು?

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿಯಲ್ಲಿ ಮಾಡಿದ ಭಾಷಣ)



ಓಣಿ ಸಭೆಗಳಿಗೆ ಹೋದಾಗ ನಾವು ಮತ್ತೆ ಮತ್ತೆ ಕೇಳುವ ಮಾತು ಇದು: "ಮನಿ ಮಂಜೂರು ಮಾಡಸ್ತೀವಿ, ರೊಕ್ಕ ತರ್ರಿ ಅಂತ ಕಾರ್ಪೊರೇಟರ್ ಕಡೆಯವ್ರು ಕೇಳ್ಯಾರ್ರಿ. ಯಾರ ಮುಂದ ಹೇಳೂಣು?" ಅಷ್ಟರಲ್ಲಿ ಪಕ್ಕದಾಕೆ ಕೈ ಜಗ್ಗುತ್ತಾಳೆ: "ಸುಮ್ನಿರವಾ, ನಾಳೆ ನಳದ ನೀರೂ ಬಂದ್ ಆದೀತು."

ಈ ಅಂಜಿಕೆ ಸುಳ್ಳಲ್ಲ. ಆದರೆ ಅಂಜಿ ಸುಮ್ಮನಿದ್ದರೆ ನಷ್ಟ ಬಡವರಿಗೇ. ದೂರು ಕೊಡುವುದೆಂದರೆ ಜಗಳ ತೆಗೆಯುವುದಲ್ಲ, ಸರಿಯಾದ ಬಾಗಿಲು ತಟ್ಟುವುದು. ಇವತ್ತು ಇದನ್ನೇ ಹೇಳಬೇಕೆಂದು ಬಂದಿದ್ದೇವೆ.

ನಮಗೆ ಕಾರ್ಪೊರೇಟರ್ ಬೇಕೇ ಬೇಕು. ನಮ್ಮ ಹುಬ್ಬಳ್ಳಿ-ಧಾರವಾಡ ಪಾಲಿಕೆ ಹುಟ್ಟಿದ್ದು 1962ರಲ್ಲಿ. 2019ರಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ 2021ರ ಸೆಪ್ಟೆಂಬರ್‌ನಲ್ಲಿ 82 ವಾರ್ಡುಗಳಿಗೆ ಚುನಾವಣೆ ಆಗುವತನಕ ಅಧಿಕಾರಿಗಳದ್ದೇ ಆಡಳಿತ ನಡೆಯಿತು. ಗಟಾರ ತುಂಬಿದರೆ ಹೇಳಿಕೊಳ್ಳಲು ನಮ್ಮವರೆಂಬ ಸದಸ್ಯರಿರಲಿಲ್ಲ. ಆದ್ದರಿಂದ ದೂರು ಆ ಹುದ್ದೆಯ ಮೇಲಲ್ಲ, ಅದರಲ್ಲಿ ಕೂತವರ ತಪ್ಪು ನಡತೆಯ ಮೇಲೆ.

ಮೊದಲು ವಿಂಗಡಿಸಿರಿ

ನೀರು ಬಂದಿಲ್ಲ, ಬೀದಿದೀಪ ಹತ್ತಿಲ್ಲ, ಕಸ ಎತ್ತಿಲ್ಲ: ಇವು ಕುಂದುಕೊರತೆಗಳು. ಇವಕ್ಕೆ ಪಾಲಿಕೆಯ ವಲಯ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸದಸ್ಯರೇ ರೊಕ್ಕ ಕೇಳಿದರು, ಕಾಮಗಾರಿಯಲ್ಲಿ ತಾವೇ ಪಾಲು ಇಟ್ಟುಕೊಂಡರು, ತಮ್ಮವರಿಗಷ್ಟೇ ಸವಲತ್ತು ಹಂಚಿದರು ಎಂದರೆ ಅದು ಆಪಾದನೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಎರಡೂ ಕೆಡುತ್ತವೆ.

ಯಾವ ಬಾಗಿಲು?

ಬಹಳ ಮಂದಿ ನೇರವಾಗಿ ಕಮಿಷನರ್ ಸಾಹೇಬ್ರ ಕಡೆ ಹೋಗುತ್ತಾರೆ. ಆದರೆ ಸದಸ್ಯರು ಕಮಿಷನರ್ ಕೈಕೆಳಗಿನ ನೌಕರರಲ್ಲ. ನೌಕರರ ಮೇಲೆ ಕ್ರಮ ಕೈಗೊಂಡಂತೆ ಅವರ ಮೇಲೆ ಕೈಗೊಳ್ಳಲು ಬರುವುದಿಲ್ಲ.

ಒಂದು, ಲೋಕಾಯುಕ್ತ. 1984ರ ಲೋಕಾಯುಕ್ತ ಕಾಯ್ದೆಯಲ್ಲಿ ಸ್ಥಳೀಯ ಸಂಸ್ಥೆಗಳ ಸದಸ್ಯರೂ ಬರುತ್ತಾರೆ. ನಿಗದಿತ ನಮೂನೆಯಲ್ಲಿ ಬರೆದು, ಜೊತೆಗೆ ಅಫಿಡವಿಟ್ ಕೊಡಬೇಕು. ಆಪಾದನೆಯಾದರೆ ಘಟನೆ ನಡೆದು ಐದು ವರ್ಷದೊಳಗೆ, ಕುಂದುಕೊರತೆಯಾದರೆ ಗೊತ್ತಾದ ಆರು ತಿಂಗಳೊಳಗೆ ದೂರು ಸಲ್ಲಬೇಕು.

ಎರಡು, ಲಂಚ ಕೇಳಿದರೆ ಲೋಕಾಯುಕ್ತ ಪೊಲೀಸರು. 2016ರಲ್ಲಿ ಮಾಡಿದ್ದ ಎಸಿಬಿಯನ್ನು 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತು, ಆ ಕೆಲಸ ಮತ್ತೆ ಲೋಕಾಯುಕ್ತ ಪೊಲೀಸರಿಗೇ ಬಂತು. ಒಂದು ಎಚ್ಚರಿಕೆ: 2018ರ ತಿದ್ದುಪಡಿಯ ಮೇಲೆ ಲಂಚ ಕೊಟ್ಟವರೂ ತಪ್ಪಿತಸ್ಥರು. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ತಿಳಿಸಬೇಕು. ಅದಕ್ಕೇ ಹೇಳೂದು, ಕೊಡೂಕಿಂತ ಮೊದಲೇ ಹೋಗ್ರಿ.

ಮೂರು, ಸದಸ್ಯತ್ವದ ಅರ್ಹತೆಯ ಪ್ರಶ್ನೆಯಾದರೆ ಬೆಳಗಾವಿಯ ಪ್ರಾದೇಶಿಕ ಆಯುಕ್ತರು. ಪಾಲಿಕೆಯ ಗುತ್ತಿಗೆಯಲ್ಲಿ ಸದಸ್ಯರು ನೇರವಾಗಿ ಆಗಲಿ, ಪರೋಕ್ಷವಾಗಿ ಆಗಲಿ ಪಾಲು ಹೊಂದುವಂತಿಲ್ಲ ಎಂದು 1976ರ ಪಾಲಿಕೆ ಕಾಯ್ದೆ ಹೇಳುತ್ತದೆ.

ಬೆಳಗಾವಿಯ ಪಾಠ

ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. ಬೆಳಗಾವಿಯ ತಿನಿಸು ಕಟ್ಟೆಯ ಮಳಿಗೆಗಳು ಇಬ್ಬರು ಸದಸ್ಯರ ಪತ್ನಿಯರ ಹೆಸರಿನಲ್ಲಿವೆ ಎಂದು ದೂರು ಹೋಯಿತು. ವಿಚಾರಣೆ ನಡೆಸಿದ ಪ್ರಾದೇಶಿಕ ಆಯುಕ್ತರು 2025ರ ಫೆಬ್ರವರಿಯಲ್ಲಿ ಇಬ್ಬರನ್ನೂ ಅನರ್ಹಗೊಳಿಸಿದರು. ಅವರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಮರು ತಿಂಗಳೇ ಅವರಲ್ಲೊಬ್ಬರು ಮೇಯರ್ ಕೂಡ ಆದರು! ಇದರಿಂದ ನಾವು ಕಲಿಯುವುದು ಎರಡು. ಬರೇ ಮಾತಿನಿಂದಲ್ಲ, ಮಳಿಗೆ ಯಾರ ಹೆಸರಿನಲ್ಲಿದೆ ಎಂಬ ದಾಖಲೆಯಿಂದ ದೂರು ನಿಂತಿತು. ಮತ್ತೆ, ಒಂದು ಆದೇಶ ಬಂದ ಕೂಡಲೇ ಎಲ್ಲ ಮುಗಿಯುವುದಿಲ್ಲ. ಎದುರಿನವರಿಗೂ ಮೇಲ್ಮನವಿಯ ಹಕ್ಕಿದೆ. ತಾಳ್ಮೆ ಬೇಕು.

ಮೈಸೂರಿನಲ್ಲಿಯೂ 2021ರ ಮೇ ತಿಂಗಳಲ್ಲಿ ಆಗಿನ ಮೇಯರ್ ಸದಸ್ಯತ್ವ ಹೈಕೋರ್ಟಿನಲ್ಲಿ ಹೋಯಿತು. ಚುನಾವಣೆಗೆ ಕೊಟ್ಟ ಆಸ್ತಿ ವಿವರ ತಪ್ಪಾಗಿತ್ತು. ಅಲ್ಲಿಯೂ ಮಾತಾಡಿದ್ದು ಕಾಗದವೇ.

ದಾಖಲೆ ಬೇಕೆಂದರೆ ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಮೂವತ್ತು ದಿನದೊಳಗೆ ಉತ್ತರ ಬರಬೇಕು.

ನ್ಯಾಯ ಎಲ್ಲರಿಗೂ

ಒಂದು ಮಾತು ನಮಗೆ ನಾವೇ ಹೇಳಿಕೊಳ್ಳಬೇಕು. ಚುನಾವಣೆಯ ಸಿಟ್ಟಿಗೆ, ಜಾತಿಯ ದ್ವೇಷಕ್ಕೆ, ಯಾರೋ ಹೇಳಿಕೊಟ್ಟರೆಂದು ಹೆಬ್ಬೆಟ್ಟು ಒತ್ತಬೇಡಿರಿ. ಬೇಕೆಂತಲೇ ಸುಳ್ಳು ದೂರು ಕೊಟ್ಟರೆ ಲೋಕಾಯುಕ್ತ ಕಾಯ್ದೆಯಲ್ಲಿ ಜೈಲು ಶಿಕ್ಷೆಯಿದೆ. ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದ್ದೆಂದೇ ಬರೆಯಿರಿ. ಸದಸ್ಯೆಯ ಹೆಸರಿನಲ್ಲಿ ಆಕೆಯ ಗಂಡ ರೊಕ್ಕ ಕೇಳಿದ್ದರೆ ಗಂಡ ಕೇಳಿದನೆಂದೇ ಬರೆಯಿರಿ. ಆಕೆಗೆ ಗೊತ್ತಿತ್ತೋ ಇಲ್ಲವೋ ಎಂಬುದನ್ನು ವಿಚಾರಣೆ ಮಾಡುವವರು ನೋಡಿಕೊಳ್ಳುತ್ತಾರೆ.

ಇನ್ನು ಅಂಜಿಕೆಯ ಮಾತು. ಒಬ್ಬಾಕಿ ಹೋದರೆ ಅಂಜಿಸುತ್ತಾರೆ, ಹತ್ತು ಮಂದಿ ಹೋದರೆ ಕುರ್ಚಿ ಹಾಕುತ್ತಾರೆ. ಅನುಭವಿಸಿದಾಕೆ ದೂರು ಬರೆಯಲಿ, ಸಂಘದವರು ಜೊತೆಗೆ ಹೋಗಲಿ. ತಾರೀಖು, ಸ್ಥಳ, ಮಾತು, ಸಾಕ್ಷಿ ಇವನ್ನು ಅವತ್ತೇ ಸಂಘದ ಪುಸ್ತಕದಲ್ಲಿ ಬರೆದಿಡಿರಿ. ಓದು ಬರದವರು ಹೇಳಲಿ, ಬರುವವರು ಬರೆಯಲಿ, ಬರೆದದ್ದನ್ನು ಓದಿ ಹೇಳಿದ ಮೇಲೆಯೇ ಸಹಿ ಆಗಲಿ. ಪ್ರತಿ ಕಾಗದದ ಒಂದು ನಕಲು ನಿಮ್ಮ ಟ್ರಂಕಿನಲ್ಲಿರಲಿ.

ಓಟು ಹಾಕಿದ ದಿನಕ್ಕೇ ನಮ್ಮ ಕೆಲಸ ಮುಗಿಯುವುದಿಲ್ಲ. ಒಳ್ಳೆಯ ಕೆಲಸ ಮಾಡಿದ ಸದಸ್ಯರನ್ನು ಓಣಿಗೆ ಕರೆದು ಹೊಗಳೋಣ, ತಪ್ಪಿದವರನ್ನು ಕಾಯ್ದೆಯ ಮುಂದೆ ಕೇಳೋಣ. ಮುಂದಿನ ಸಭೆಯಲ್ಲಿ ಆ ತಂಗಿಯ ಕೈಯನ್ನು ಯಾರೂ ಹಿಂದಕ್ಕೆ ಜಗ್ಗದಿರಲಿ.