ಸಬರ್ ಎಂದರೆ ಬಾಯಿ ಮುಚ್ಚಿಕೊಳ್ಳುವುದಲ್ಲ

(ಜುಮಾ ಪ್ರವಚನದ ಸಾರಾಂಶ, ಚಾಮರಾಜಪೇಟೆ, ಬೆಂಗಳೂರು)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ, ಶಾಂತಿ ಇರಲಿ.

ಸಹೋದರರೇ, ಈ ವಾರ ನಮ್ಮದೇ ಒಂದು ತಪ್ಪಿನಿಂದ ಮಾತು ಆರಂಭಿಸುತ್ತೇವೆ. ಕೆಲವು ತಿಂಗಳ ಹಿಂದೆ ಇಶಾ ನಮಾಝ್ ಮುಗಿಸಿ ಮಸೀದಿಯ ಬಾಗಿಲು ಹಾಕುವ ಹೊತ್ತಿಗೆ ಒಬ್ಬ ತಾಯಿ ಬಂದರು. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಅವರ ಮಗನನ್ನು ಪೊಲೀಸರು ಕರೆದೊಯ್ದಿದ್ದರು. “ಮೌಲಾನಾ, ಯಾಕೆ ಅಂತ ಹೇಳಲಿಲ್ಲ, ಎಲ್ಲಿಗೆ ಅಂತಾನೂ ಹೇಳಲಿಲ್ಲ” ಎಂದು ಅತ್ತರು. ಕಳುವಾದ ಬೈಕಿನ ವಿಚಾರಣೆ ಎಂದು ಆಮೇಲೆ ತಿಳಿಯಿತು.

ಮಾರನೇ ದಿನ ಕೋರ್ಟಿನ ಬಾಗಿಲಲ್ಲಿ ಹುಡುಗನನ್ನು ನೋಡಿದೆವು. ಅಂಗಾಲು ಊದಿತ್ತು, ನೆಲಕ್ಕೆ ಕಾಲೂರಲು ಆಗುತ್ತಿರಲಿಲ್ಲ. ವೈದ್ಯರು ಕೇಳಿದಾಗ ಹೆದರಿ ‘ಮೆಟ್ಟಿಲಿಂದ ಬಿದ್ದೆ’ ಎಂದುಬಿಟ್ಟಿದ್ದ. ‘ಜಡ್ಜ್ ಮುಂದೆಯಾದರೂ ಹೇಳಲಾ?’ ಎಂದು ತಾಯಿ ನಮ್ಮನ್ನು ಕೇಳಿದರು. ನಾವು, “ಆಪಾ, ಸಬರ್ ಮಾಡಿ. ಏನೂ ಹೇಳೋದು ಬೇಡ, ಮೊದಲು ಹುಡುಗ ಮನೆಗೆ ಬರಲಿ” ಎಂದೆವು. ಜಾಮೀನು ಸಿಕ್ಕಿತು, ಹುಡುಗ ಮನೆಗೆ ಬಂದ. ಆದರೆ ಆ ಏಟು ಇವತ್ತಿಗೂ ಯಾವ ಕಾಗದದಲ್ಲೂ ಇಲ್ಲ. ಅಲ್ಲಾಹನ ಬಳಿ ಇರುವ ದಾಖಲೆಯಲ್ಲಿ ಅದಿದೆ. ನಾವು ಕೊಟ್ಟ ಸಲಹೆಯೂ ಅದರ ಪಕ್ಕದಲ್ಲೇ ಇದ್ದೀತೆಂಬ ಭಯ ನಮಗಿದೆ.

ಸಬರ್ ಬಗ್ಗೆ ನಾವು ಕಲಿತದ್ದು ಇದಲ್ಲ. ಸಹೀಹ್ ಮುಸ್ಲಿಮ್‌ನಲ್ಲಿ ಹಿಶಾಮ್ ಬಿನ್ ಹಕೀಮ್(ರ)ರ ಘಟನೆಯಿದೆ. ಸಿರಿಯಾದಲ್ಲಿ ಕೆಲವು ರೈತರನ್ನು ತೆರಿಗೆಗಾಗಿ ಬಿಸಿಲಲ್ಲಿ ನಿಲ್ಲಿಸಿದ್ದರು. ಅವರು ಮುಸ್ಲಿಮರಲ್ಲ, ಹಿಶಾಮ್‌ರ ನೆಂಟರೂ ಅಲ್ಲ. ಆದರೂ ಹಿಶಾಮ್ ಸುಮ್ಮನೆ ದಾಟಿ ಹೋಗಲಿಲ್ಲ. ಈ ಲೋಕದಲ್ಲಿ ಜನರನ್ನು ಹಿಂಸಿಸುವವರನ್ನು ಅಲ್ಲಾಹನು ಶಿಕ್ಷಿಸುವನೆಂದು ಪ್ರವಾದಿ(ಸ)ರು ಎಚ್ಚರಿಸಿದ್ದನ್ನು ಅಧಿಕಾರಿಯ ಬಳಿಗೇ ಹೋಗಿ ತಿಳಿಸಿದರು. ಅಧಿಕಾರಿ ಆ ರೈತರನ್ನು ಬಿಡಿಸಿದರು. ಹಿಶಾಮ್ ಕಲ್ಲು ಎತ್ತಲಿಲ್ಲ, ಬಾಯಿ ಮುಚ್ಚಿಕೊಂಡೂ ಇರಲಿಲ್ಲ. ಇದು ಸಬರ್.

ಬದ್ರ್ ಯುದ್ಧದ ಕೈದಿಗಳಲ್ಲಿ ಪ್ರವಾದಿ(ಸ)ರ ಚಿಕ್ಕಪ್ಪ ಅಬ್ಬಾಸ್ ಕೂಡ ಇದ್ದರು. ಬಿಗಿದ ಕಟ್ಟಿನಿಂದ ಅವರು ನರಳುವುದು ಕೇಳಿ ಪ್ರವಾದಿ(ಸ)ರಿಗೆ ನಿದ್ದೆ ಬರಲಿಲ್ಲ. ಸಂಗಾತಿಗಳು ಅವರ ಕಟ್ಟನ್ನು ಸಡಿಲಿಸಿದಾಗ, ಎಲ್ಲ ಕೈದಿಗಳಿಗೂ ಹಾಗೆಯೇ ಮಾಡಿರೆಂದು ಹೇಳಿದರೆಂದು ಸೀರತ್ ಗ್ರಂಥಗಳಲ್ಲಿದೆ. ಕೈದಿ ಓಡಿಹೋಗದಂತೆ ಕಟ್ಟಬಹುದು, ನೋಯಿಸಲು ಕಟ್ಟುವಂತಿಲ್ಲ.

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 46ನೇ ಕಲಮಿನ ಪ್ರಕಾರ, ಬಂಧಿತನು ತಪ್ಪಿಸಿಕೊಳ್ಳದಂತೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ನಿರ್ಬಂಧ ಹೇರುವಂತಿಲ್ಲ. ಬಂಧನವನ್ನು ಬಲದಿಂದ ತಡೆದರೆ ಇಲ್ಲವೇ ತಪ್ಪಿಸಿಕೊಳ್ಳಲು ಯತ್ನಿಸಿದರೆ ಮಾತ್ರ ಪೊಲೀಸರು ಅಗತ್ಯವಿದ್ದಷ್ಟು ಬಲ ಬಳಸಬಹುದು ಎನ್ನುತ್ತದೆ 43ನೇ ಕಲಮು. ಆದ್ದರಿಂದ ಯುವಕರೇ, ಪೊಲೀಸರು ಬಂದಾಗ ತಳ್ಳಾಟ ಬೇಡ, ಓಟ ಬೇಡ. ನೀವು ಕೈ ಎತ್ತಿದರೆ ಅವರ ಲಾಠಿಗೆ ನೀವೇ ಕಾರಣ ಕೊಟ್ಟಂತೆ. ನೀವು ಶಾಂತವಾಗಿ ಹೊರಟ ಮೇಲೂ ಬೀಳುವ ಏಟಿಗೆ ಕಾನೂನಿನಲ್ಲಿ ಜಾಗವಿಲ್ಲ. ತಪ್ಪೊಪ್ಪಿಗೆ ಪಡೆಯಲು ಹೊಡೆಯುವುದು ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಮಿನಡಿ ಅಪರಾಧ. ಅದಕ್ಕೆ 7 ವರ್ಷದವರೆಗೆ, ತೀವ್ರ ಗಾಯವಾದರೆ 10 ವರ್ಷದವರೆಗೆ ಶಿಕ್ಷೆಯಿದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತೆಯೂ ಇಲ್ಲ.

‘ಇದೆಲ್ಲ ಪುಸ್ತಕದ ಮಾತು, ಮೌಲಾನಾ’ ಎನ್ನುವವರಿದ್ದಾರೆ. ನಮ್ಮ ರಾಜ್ಯದ್ದೇ ಉದಾಹರಣೆ ಕೇಳಿ. ಚೆಕ್ ಬೌನ್ಸ್ ಪ್ರಕರಣದ ವಾರಂಟಿನ ಮೇಲೆ ಒಬ್ಬ ಕಾನೂನು ವಿದ್ಯಾರ್ಥಿಯನ್ನು ಅಂಕೋಲಾದಲ್ಲಿ ಜನರ ಕಣ್ಣೆದುರೇ ಕೈಕೋಳ ಹಾಕಿ ಕರೆದೊಯ್ದರು. ಆತ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋದ. 2022ರ ಜೂನ್‌ನಲ್ಲಿ ತೀರ್ಪು ಬಂತು. ಆತನಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ಕೈಕೋಳ ಹಾಕಿದರೆ ಕಾರಣವನ್ನು ಬರೆದಿಡಬೇಕು, ಬಂಧಿಸುವ ಅಧಿಕಾರಿಗಳಿಗೆ ಮೈಮೇಲೆ ಧರಿಸುವ ಕ್ಯಾಮೆರಾ ಒದಗಿಸಬೇಕು ಎಂದು ನ್ಯಾಯಾಲಯ ಹೇಳಿತು. ಕೊಲೆ, ಅತ್ಯಾಚಾರ, ಮಾದಕವಸ್ತುವಿನಂಥ ಗಂಭೀರ ಅಪರಾಧಗಳಲ್ಲಿ ಮತ್ತು ಪದೇ ಪದೇ ಅಪರಾಧ ಮಾಡಿದವರಿಗೆ ಕೈಕೋಳ ಹಾಕಲು ಹೊಸ ಸಂಹಿತೆ ಅವಕಾಶ ಕೊಟ್ಟಿದೆ, ನಿಜ. ಆದರೆ ಸಿಕ್ಕಸಿಕ್ಕವರಿಗೆಲ್ಲ ಹಾಕುವಂತಿಲ್ಲ. ಆ ವಿದ್ಯಾರ್ಥಿ ಸುಮ್ಮನಿದ್ದಿದ್ದರೆ ಈ ತೀರ್ಪೇ ಇರುತ್ತಿರಲಿಲ್ಲ.

ತಾಯಂದಿರೂ ಸೇರಿ ಎಲ್ಲರೂ ಈ ಕೆಲವು ವಿಷಯಗಳನ್ನು ನೆನಪಿಡಿ.

ಬಂಧನದ ಕಾರಣ ತಿಳಿಸಬೇಕು. ಬಂಧನದ ಮೆಮೊ ಬರೆದು, ಮನೆಯವರ ಇಲ್ಲವೇ ಬಡಾವಣೆಯ ಗೌರವಸ್ಥರೊಬ್ಬರ ಸಹಿ ಹಾಕಿಸಬೇಕು. ಎಲ್ಲಿಟ್ಟಿದ್ದಾರೆಂದು ಬಂಧುಗಳಿಗೆ ಹೇಳಬೇಕು. ವಕೀಲರನ್ನು ಕಾಣಲು ಬಿಡಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಿಶೇಷ ಸಂದರ್ಭ ಮತ್ತು ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಇವುಗಳಲ್ಲಿ ಹಲವನ್ನು ಸುಪ್ರೀಂ ಕೋರ್ಟ್ 1996ರಲ್ಲೇ ಡಿ.ಕೆ. ಬಸು ಪ್ರಕರಣದಲ್ಲಿ ಕಡ್ಡಾಯ ಮಾಡಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ವೈದ್ಯಕೀಯ ತಪಾಸಣೆ. ಬಂಧಿಸಿದ ಬಳಿಕ ವೈದ್ಯರು ಮೈಮೇಲಿನ ಗಾಯಗಳನ್ನೂ ಅವು ಸುಮಾರು ಯಾವಾಗ ಆದವೆಂಬುದನ್ನೂ ಬರೆಯಬೇಕು. ಆ ವರದಿಯ ಪ್ರತಿಯನ್ನು ಬಂಧಿತನಿಗೆ ಅಥವಾ ಆತ ಹೆಸರಿಸಿದವರಿಗೆ ಕೊಡಬೇಕು. ಅಲ್ಲಿ ‘ಬಿದ್ದೆ’ ಎಂದು ಸುಳ್ಳು ಹೇಳಬೇಡಿ. ಮ್ಯಾಜಿಸ್ಟ್ರೇಟರು ಕೇಳಿದಾಗ ನಿಜ ಹೇಳಿ, ಕೇಳದಿದ್ದರೂ ಹೇಳಿ. ವಕೀಲರಿಗೆ ಕೊಡಲು ಹಣವಿಲ್ಲದವರು 15100ಕ್ಕೆ ಕರೆ ಮಾಡಿ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದಲ್ಲೂ ವಿಚಾರಿಸಬಹುದು. ಅರ್ಹರಿಗೆ ಉಚಿತವಾಗಿ ವಕೀಲರು ಸಿಗುತ್ತಾರೆ. ದೂರು ಕೊಡಲು ರಾಜ್ಯ ಮಾನವ ಹಕ್ಕುಗಳ ಆಯೋಗ ಮತ್ತು ಪೊಲೀಸ್ ದೂರು ಪ್ರಾಧಿಕಾರ ಇವೆ.

ಇನ್ನೊಂದು ಮಾತು ಕಹಿಯಾದರೂ ಹೇಳಬೇಕು. 2020ರ ಆಗಸ್ಟ್‌ನಲ್ಲಿ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ಠಾಣೆಗಳ ಮೇಲೆ ದಾಳಿ ನಡೆಯಿತು, ಗೋಲಿಬಾರಿನಲ್ಲಿ ಜೀವಗಳು ಹೋದವು. 2024ರ ಮೇ ತಿಂಗಳಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ ಠಾಣೆಗೆ ಕರೆತಂದ ವ್ಯಕ್ತಿಯೊಬ್ಬರು ತೀರಿಕೊಂಡಾಗಲೂ ಜನ ಠಾಣೆಗೆ ಕಲ್ಲು ತೂರಿದರು. ಸಾವಿಗೆ ಉತ್ತರ ಕೇಳುವುದು ಹಕ್ಕು. ಕಲ್ಲು ಬಿದ್ದ ಮೇಲೆ ಪ್ರಶ್ನೆ ಮರೆಯಾಗಿ ಕಲ್ಲಿನದೇ ಸುದ್ದಿಯಾಯಿತು. ಬಲಕ್ಕೆ ಮಿತಿ ಇರಬೇಕೆಂದು ಕೇಳುವವರು ಮೊದಲು ತಮ್ಮ ಕೈಗೆ ಮಿತಿ ಹಾಕಿಕೊಳ್ಳಬೇಕು.

ಪೊಲೀಸರನ್ನು ಶತ್ರುಗಳೆಂದು ನಾವು ಹೇಳುತ್ತಿಲ್ಲ. ಹಬ್ಬದ ರಾತ್ರಿ ನಾವು ಮನೆಯಲ್ಲಿರುವಾಗ ಮೈಸೂರು ರಸ್ತೆಯಲ್ಲಿ ನಿಂತಿರುವವರು ಅವರೇ. ಮರ್ದಿತನಿಗೂ ಮರ್ದಕನಿಗೂ ನೆರವಾಗಬೇಕೆಂದು ಪ್ರವಾದಿ(ಸ)ರು ಕಲಿಸಿದರು. ಮರ್ದಕನಿಗೆ ನೆರವಾಗುವುದೆಂದರೆ ಅವನ ಕೈ ತಡೆಯುವುದು. ನಿಜವಾದ ಒಂದು ದೂರು, ಸರಿಯಾದ ಒಂದು ವೈದ್ಯಕೀಯ ವರದಿ ಆ ಕೈಯನ್ನು ತಡೆಯಬಹುದು. ನಮ್ಮ ಹುಡುಗ ಕದ್ದಿದ್ದರೆ ಅವನನ್ನು ಬಚ್ಚಿಡುವುದೂ ಬೇಡ. ಶಿಕ್ಷೆಯನ್ನು ನ್ಯಾಯಾಲಯ ಕೊಡಲಿ, ಲಾಠಿ ಕೊಡುವುದು ಬೇಡ.

ಕಳೆದ ವಾರ ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವರು ಚಹಾ ಕೊಟ್ಟರು. ಹುಡುಗ ಈಗಲೂ ರಾತ್ರಿ ಬಾಗಿಲು ಬಡಿದರೆ ಬೆಚ್ಚಿ ಎದ್ದು ಕೂರುತ್ತಾನಂತೆ. ಇನ್ನು ಮುಂದೆ ಇಂಥ ರಾತ್ರಿ ಯಾರೇ ಮಸೀದಿಗೆ ಬಂದರೂ, ಅವರು ಯಾವ ಧರ್ಮದವರಾದರೂ, ‘ಸುಮ್ಮನಿರಿ’ ಎಂದು ನಾವು ಹೇಳುವುದಿಲ್ಲ. ವಕೀಲರೊಂದಿಗೆ ಜೊತೆಗೆ ಬರುತ್ತೇವೆ.

ಯಾ ಅಲ್ಲಾಹ್, ಬೇರೆಯವರನ್ನು ಹಿಂಸಿಸುವವರಾಗದಂತೆ, ಹಿಂಸೆಯನ್ನು ಕಂಡು ಮೌನವಾಗಿರುವವರಾಗದಂತೆ ನಮ್ಮನ್ನು ಕಾಪಾಡು. ಅಧಿಕಾರ ಇರುವವರ ಹೃದಯದಲ್ಲಿ ನಿನ್ನ ಭಯವಿರಿಸು. ಈ ನಾಡಿಗೆ ಶಾಂತಿ ಕೊಡು. ಆಮೀನ್.