ಯಂತ್ರದ ಊಹೆ, ಮನುಷ್ಯನ ತೀರ್ಮಾನ
(ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸಿಬ್ಬಂದಿಗೆ ನೀಡಿದ ಉಪನ್ಯಾಸದ ಪಠ್ಯ)



ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಲೇತ್ ಯಂತ್ರವು ಹೊಂದಿಸಿದ ಅಳತೆಯಂತೆ ಲೋಹವನ್ನು ಕಡೆಯುತ್ತದೆ. ಉಳಿ ಮೊಂಡಾದುದನ್ನು ತಾನಾಗಿ ಅರಿಯದು. ನುರಿತ ಕಾರ್ಮಿಕನು ಸದ್ದಿನಿಂದಲೇ ಅದನ್ನು ಗುರುತಿಸುತ್ತಾನೆ. ಕೊಟ್ಟ ನಿಯಮದಂತೆ ಕೆಲಸ ಮುಗಿಸುವುದು ಸ್ವಯಂಚಾಲನೆ. ಹಿಂದಿನ ನೂರಾರು ಉದಾಹರಣೆಗಳಿಂದ ಗುರುತು ಹಿಡಿಯಲು ಕಲಿಯುವುದು ಯಂತ್ರಕಲಿಕೆ.

ಪಂಚಾಯಿತಿಯ ಕೆಲಸದಲ್ಲಿ ಈ ವ್ಯತ್ಯಾಸವು ಎದ್ದು ಕಾಣುವುದು ಉದ್ಯೋಗ ಖಾತರಿಯಲ್ಲಿ. 2006ರಲ್ಲಿ ಆ ಯೋಜನೆ ಮೊದಲ ಹಂತದಲ್ಲಿ ಜಾರಿಯಾದ ರಾಜ್ಯದ ಐದು ಜಿಲ್ಲೆಗಳಲ್ಲಿ ದಾವಣಗೆರೆಯೂ ಒಂದು. 2023ರ ಜನವರಿಯಿಂದ ಸಾಮೂಹಿಕ ಕಾಮಗಾರಿಗಳಲ್ಲಿ ಎನ್‌ಎಂಎಂಎಸ್ ಆ್ಯಪ್ ಮೂಲಕ ದಿನಕ್ಕೆ ಎರಡು ಬಾರಿ ಛಾಯಾಚಿತ್ರ ತೆಗೆದು ಹಾಜರಾತಿ ದಾಖಲಿಸುವುದು ಕಡ್ಡಾಯವಾಯಿತು. ಆ ದಾಖಲೆಯೇ ಕೂಲಿ ಪಾವತಿಗೆ ಆಧಾರವಾಗಿತ್ತು. ಆದರೆ ಚಿತ್ರ ಬಂದಿದೆಯೇ ಎಂಬುದನ್ನಷ್ಟೇ ನೋಡುವ ವ್ಯವಸ್ಥೆಯು ಅದರಲ್ಲಿ ಏನಿದೆ ಎಂಬುದನ್ನು ಅರಿಯದು. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ತನ್ನ ಸುತ್ತೋಲೆಯಲ್ಲಿ ಲೋಪಗಳನ್ನು ಪಟ್ಟಿ ಮಾಡಿತು: ಕೆಲಸಕ್ಕೆ ಸಂಬಂಧವಿಲ್ಲದ ಚಿತ್ರ, ಚಿತ್ರದ ಮರುಚಿತ್ರ, ಚಿತ್ರದಲ್ಲಿರುವವರ ಸಂಖ್ಯೆಗೂ ದಾಖಲೆಗೂ ಅಂತರ. ಗ್ರಾಮ ಪಂಚಾಯಿತಿಯು ಎಲ್ಲ ಚಿತ್ರಗಳನ್ನೂ ಪರಿಶೀಲಿಸಬೇಕೆಂದು ಸೂಚಿಸಿತು.

ಈ ಪರಿಶೀಲನೆಗೆ ಯಂತ್ರಕಲಿಕೆ ನೆರವಾಗಬಲ್ಲದು. ಚಿತ್ರದಲ್ಲಿರುವ ಜನರನ್ನು ಎಣಿಸುವುದು, ನಿನ್ನೆಯ ಚಿತ್ರವೇ ಇಂದು ಮರಳಿ ಬಂದಿದ್ದರೆ ತೋರಿಸುವುದು ಅದಕ್ಕೆ ಸಾಧ್ಯ. ಸಂದೇಹಾಸ್ಪದ ಚಿತ್ರಗಳು ಮೊದಲು ಕಣ್ಣಿಗೆ ಬಿದ್ದರೆ ಸಿಬ್ಬಂದಿಯ ಸಮಯವು ಸರಿಯಾದೆಡೆ ವಿನಿಯೋಗವಾಗುತ್ತದೆ.

ಆದರೆ ಯಂತ್ರವು ಹೇಳುವುದು ಊಹೆಯೇ ಹೊರತು ತೀರ್ಪಲ್ಲ. ಕೆರೆಯ ಹೂಳೆತ್ತುವಾಗ ಬಿಸಿಲಿಗೆ ಸೆರಗು ಹೊದ್ದ ಮಹಿಳೆಯನ್ನು ಅದು ಎಣಿಸದೇ ಬಿಡಬಹುದು. ಆ ಊಹೆಯನ್ನು ನೇರವಾಗಿ ಪಾವತಿಗೆ ಜೋಡಿಸಿದರೆ, ದಿನವಿಡೀ ಮಣ್ಣು ಹೊತ್ತವಳ ಕೂಲಿ ಯಾರ ಆದೇಶವೂ ಇಲ್ಲದೆ ನಿಂತುಹೋಗುತ್ತದೆ. ಹಾಜರಾತಿ ಪಟ್ಟಿ ಮುಕ್ತಾಯವಾದ 15 ದಿನಗಳೊಳಗೆ ಕೂಲಿ ಪಡೆಯುವುದು ಉದ್ಯೋಗ ಖಾತರಿ ಕಾಯ್ದೆಯು ಕೊಟ್ಟಿದ್ದ ಹಕ್ಕು.

ಆದುದರಿಂದ ಇಂತಹ ಯೋಜನೆ ಕೈಗೊಳ್ಳುವಾಗ ಮೂರು ಅಂಶಗಳನ್ನು ಪಾಲಿಸುವುದು ಸೂಕ್ತ.

1. ಮೊದಲು ಕೆಲವೇ ಪಂಚಾಯಿತಿಗಳಲ್ಲಿ, ಪಾವತಿಗೆ ಸಂಬಂಧ ಕಲ್ಪಿಸದೆ, ಯಂತ್ರದ ಊಹೆಯನ್ನು ಸಿಬ್ಬಂದಿಯ ತೀರ್ಮಾನದೊಡನೆ ಹೋಲಿಸಿ ನೋಡಬೇಕು.
2. ತಪ್ಪಿಸಿಕೊಂಡ ಸುಳ್ಳು ಹಾಜರಾತಿಯನ್ನಷ್ಟೇ ಅಲ್ಲದೆ, ಅನುಮಾನಕ್ಕೊಳಗಾದ ನಿಜವಾದ ಹಾಜರಾತಿಯನ್ನೂ ಲೆಕ್ಕವಿಡಬೇಕು.
3. ಕೂಲಿ ತಡೆಯುವ ಮುನ್ನ ಅಧಿಕಾರಿಯು ಕಾಯಕ ಬಂಧು ಹಾಗೂ ಕೂಲಿಕಾರರನ್ನು ವಿಚಾರಿಸಿ, ಕಾರಣ ಬರೆದು ಸಹಿ ಮಾಡಬೇಕು. ಆ ತೀರ್ಮಾನವೇ ಯಂತ್ರಕ್ಕೆ ಮುಂದಿನ ಪಾಠವಾಗಬೇಕು.

ವೇಗವನ್ನು ಸ್ವಯಂಚಾಲನೆಗೂ ಸುಳಿವನ್ನು ಯಂತ್ರಕಲಿಕೆಗೂ ಒಪ್ಪಿಸಬಹುದು. ಹೊಣೆ ಮಾತ್ರ ಸಹಿ ಮಾಡುವ ಕೈಯಲ್ಲೇ ಉಳಿಯಬೇಕು.